ಕನ್ನಡಿಯಲ್ಲಿ ಏನು ಕಾಣಿಸುತ್ತಿದೆ

ಗುರ್ಲನ್
ಮಾರ್ಚ್ 4

ಇಂಜಿಗುಲ್,

ಸಲಾಂ. ಈ ಕಾಗದವನ್ನು ರೈಲಿನ ಬಿಬಿಸಾರಾ ಅಕ್ಕನ ಕೈಗೆ ಕೊಟ್ಟಿದ್ದೇನೆ. ಏಳನೇ ಬೋಗಿಯಲ್ಲಿ ಹಾಸಿಗೆ ಹೊದಿಕೆ ಹಂಚುವವಳು, ನಿನಗೂ ಗೊತ್ತಲ್ಲ. ನೀನು ಫೋನು ಬಿಸಾಕಿದ್ದೀಯಂತೆ, ಗಡಿಯಾಚೆ ಬೇಯ್ನೆವು ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದೀಯಂತೆ. ಅವಳೇ ಹೇಳಿದ್ದು. ಹನ್ನೆರಡು ವರ್ಷ ನೀನು ಹಾಡಿದ ಮದುವೆಗಳನ್ನೆಲ್ಲ ನನ್ನ ಕ್ಯಾಮೆರಾದಲ್ಲಿ ಹಿಡಿದೆ, ನಿನ್ನ ಅವ್ವ ತಿದಿ ಎಳೆದು ನುಡಿಸುತ್ತಿದ್ದ ಗಾರ್ಮೋನ್ ವಾದ್ಯದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತೆ. ಈಗ ನಿನ್ನ ಸುದ್ದಿ ರೈಲಿನವರ ಬಾಯಿಂದ ಕೇಳಬೇಕಾಯಿತು. ಅದಿರಲಿ.

ಒಂದು ವಿಷಯ ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ನೀನು ಟೀವಿಯಲ್ಲಿ ಕ್ಷಮೆ ಕೇಳಿದ ಮೇಲೆ ಜನ ತಮ್ಮ ಮದುವೆ ಡಿಸ್ಕುಗಳನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದಾರೆ. ಅವಳನ್ನು ತೆಗೆದುಬಿಡು ಅನ್ನುತ್ತಾರೆ. ನಿನ್ನ ಹೆಸರು ಹೇಳುವುದಿಲ್ಲ. ಆ ಹೆಂಗಸು ಅಂತಾರೆ ಅಷ್ಟೆ. ಮೊದಲು ಬಂದವಳು ಒತಾನಜರ್ ತಾತನ ಹೆಂಡತಿ. ಮಗನ ಮದುವೆಯಲ್ಲಿ ನೀನು ಹಾಡುವಾಗ ನಿನ್ನ ಕೈ ಹಿಡಿದು ಅತ್ತಿದ್ದಳಲ್ಲ, ಅವಳೇ. ಮೂರು ಡಿಸ್ಕುಗಳನ್ನು ಟವೆಲಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಳು. "ಮೊಮ್ಮಕ್ಕಳು ನೋಡ್ತಾರಪ್ಪಾ. ಇವಳ್ಯಾರಜ್ಜಿ ಅಂತ ಕೇಳಿದ್ರೆ ನಾನೇನು ಹೇಳ್ಲಿ?" ಅಂದಳು. ಆಮೇಲೆ ಇಡೀ ಬೀದಿ ಬಂತು.

ಆಗುವುದಿಲ್ಲ ಅನ್ನಬಹುದಿತ್ತು. ಹಾಗಂದರೆ ಪಕ್ಕದ ಶೋವೊತ್‌ನ ವಿಡಿಯೋ ಹುಡುಗರ ಹತ್ತಿರ ಹೋಗುತ್ತಾರೆ, ಅವರು ಕತ್ತರಿಯಲ್ಲಿ ಹರಿದ ಹಾಗೆ ಮಾಡಿಕೊಡುತ್ತಾರೆ. ನಾನು ನೀಟಾಗಿ ಮಾಡುತ್ತಿದ್ದೇನೆ. ಗೋಡೆಯ ಮೇಲಿನ ಕಂಬಳಿಯ ಹೂವುಗಳನ್ನೇ ನಕಲು ತೆಗೆದು ನೀನು ಕೂತ ಜಾಗಕ್ಕೆ ಹಬ್ಬಿಸುತ್ತೇನೆ. ಅಲ್ಲಿ ಯಾರೋ ಇದ್ದರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಕನ್ನಡಿಯನ್ನು ಮರೆತಿದ್ದೆ. ವಧೂವರರ ತಲೆ ಮೇಲೆ ಬಟ್ಟೆ ಹಿಡಿದು ಮುಂದೆ ಕನ್ನಡಿ ಇಡುತ್ತಾರಲ್ಲ, ಕನ್ನಡಿಯಲ್ಲಿ ಏನು ಕಾಣಿಸುತ್ತಿದೆ ಅಂತ ನೀನು ಕೇಳುತ್ತಿದ್ದೆಯಲ್ಲ, ನನ್ನ ಭಾಗ್ಯ ಕಾಣಿಸುತ್ತಿದೆ ಅಂತ ಅವರು ಹೇಳುತ್ತಿದ್ದರಲ್ಲ, ಆ ಭಾಗ. ಕೋಣೆಯಿಂದ ನಿನ್ನನ್ನು ತೆಗೆದಿದ್ದೆ, ಕನ್ನಡಿಯೊಳಗೆ ಇದ್ದುಬಿಟ್ಟಿದ್ದೆ ನೀನು. ಬಟ್ಟೆಯ ಒಂದು ತುದಿ ಹಿಡಿದು ನಗುತ್ತಿದ್ದೆ. ಡಿಸ್ಕು ವಾಪಸು ಬಂತು, ಅಳಿಸಿದೆ. ಮಾರನೆಯ ದಿನ ನೋಡಿದರೆ ಮತ್ತೆ ಇದ್ದೀಯ. ಮೂರು ಸಲ ಹೀಗಾಯಿತು. ಉಳಿಸುವ ಗುಂಡಿ ಒತ್ತಲು ಮರೆತಿರಬೇಕು.

ಚಳಿ ಕಡಿಮೆಯಾಗಿಲ್ಲ, ಬೆಚ್ಚಗಿರು.

ಮದ್ರಿಮ್


ಬೇಯ್ನೆವು
ಮಾರ್ಚ್ 19

ಮದ್ರಿಮ್,

ಕಾಗದ ಓದಿ ಮೊದಲು ನಕ್ಕೆ. ನನ್ನ ಮೇಲೆ ಹೂವು ಬೆಳೆಸುತ್ತಿದ್ದೀಯಂತೆ. ಬದುಕಿರುವಾಗಲೇ ತನ್ನ ಗೋರಿ ಮೇಲಿನ ಹೂವು ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳು.

ಒತಾನಜರ್ ಅಜ್ಜಿಗೆ ಮೊಮ್ಮಕ್ಕಳ ಚಿಂತೆ ಅಲ್ಲವೇ? ಅವಳ ಮನೆಯಲ್ಲೇ ಪ್ರತಿ ಗುರುವಾರ ಬಹ್ರೊಮ್ ಸಾತ್ಲಿಕ್‌ನ 'ಮನೆಯ ಮರ್ಯಾದೆ' ಟೀವಿ ಕಾರ್ಯಕ್ರಮ ಊಟದ ಹೊತ್ತಿಗೆ ಓಡುತ್ತಿರುತ್ತದೆ. ಅವನನ್ನು ಯಾರೂ ತೆಗೆಯಲು ಹೇಳಿಲ್ಲವಲ್ಲ. ಹೇಗೆ ಹೇಳುತ್ತಾರೆ? ಆ ವಿಡಿಯೋದಲ್ಲಿ ನನ್ನ ಜೊತೆ ಇರುವವನು ಅವನೇ ಅಂತ ಅವರಿಗೆ ಗೊತ್ತೇ ಇಲ್ಲ. ಎಲ್ಲರ ಫೋನಿಗೂ ಹೋದ ಹದಿನೈದು ಸೆಕೆಂಡಿನ ಆ ತುಣುಕಿನಲ್ಲಿ ನನ್ನ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಸ್ಪಷ್ಟವಾಗಿದೆ. ನನ್ನ ಹೆಗಲ ಮೇಲೆ ಕೈ ಹಾಕಿ ಬಾಯಿಗೆ ಬ್ರಾಂದಿ ಹಿಡಿದವನ ಮುಖ ಬರೀ ಮಂಜು. ನನ್ನ ಹೆಸರು, ಬೀದಿ, ಅವ್ವನ ಹೆಸರು ಎಲ್ಲ ಟೀವಿಯಲ್ಲಿ ಹೇಳಿದರು. ಅವನನ್ನು 'ಒಬ್ಬ ಗೌರವಾನ್ವಿತ ವ್ಯಕ್ತಿ' ಅಂದರು. ಆಮೇಲೆ ಅದೇ ಗೌರವಾನ್ವಿತನ ಕಾರ್ಯಕ್ರಮದಲ್ಲಿ, ಅವನ ಎದುರೇ ಕೂತು ನಾನು ಇಡೀ ದೇಶದ ಕ್ಷಮೆ ಕೇಳಿದೆ. ಓದಬೇಕಾದ ಚೀಟಿಯನ್ನು ಅವನೇ ಕೈಗೆ ಕೊಟ್ಟ. ನಾನು ಓದುವಾಗ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಹಾಡುವ ಲೈಸೆನ್ಸ್ ಕಿತ್ತುಕೊಂಡರು. ಅದಾಗಿ ಇಪ್ಪತ್ತನೇ ದಿನಕ್ಕೆ ಅವ್ವ ಹೋದಳು. ಮಣ್ಣಿಗೆ ಬಂದ ಹೆಂಗಸರು ನನ್ನನ್ನು ಕಂಡು ಮುಖ ತಿರುಗಿಸಿದರು, ಅವರೆಲ್ಲರ ಮದುವೆಗೂ ಅವ್ವ ನುಡಿಸಿದ್ದಳು. ಇದನ್ನೆಲ್ಲ ನಿನಗೇಕೆ ಹೇಳುತ್ತಿದ್ದೇನೆ, ನೀನೂ ಇದ್ದೆಯಲ್ಲ.

ಈಗ ನಿಜವಾದ ವಿಷಯ. ಅವ್ವ ಫೋಟೋ ತೆಗೆಸಿಕೊಂಡವಳಲ್ಲ. ಪಾಸ್‌ಪೋರ್ಟಿನ ಚಿತ್ರದಲ್ಲೂ ಕಣ್ಣು ಮುಚ್ಚಿದ್ದಾಳೆ. ಅವಳ ಮುಖ ಇರುವುದು ನಿನ್ನ ಮದುವೆ ಡಿಸ್ಕುಗಳಲ್ಲಿ ಮಾತ್ರ. ಅಕ್ಟೋಬರಿಗೆ ವರ್ಷ ತುಂಬುತ್ತದೆ. ಗೋರಿಗೆ ಕಲ್ಲು ನಿಲ್ಲಿಸಬೇಕು, ಕಲ್ಲಿನ ಮೇಲೆ ಮುಖ ಕೆತ್ತಿಸಬೇಕು. ಅವಳು ಯಾವಾಗಲೂ ನನ್ನ ಎಡಮೊಣಕಾಲಿಗೆ ತಾಗಿ ಕೂರುತ್ತಿದ್ದಳು. ನನ್ನನ್ನು ಕತ್ತರಿಸುವಾಗ ಅವಳನ್ನೂ ಕತ್ತರಿಸುತ್ತಿದ್ದೀಯಾ? ಕತ್ತರಿಸಿದ್ದನ್ನು ಎಸೆಯಬೇಡ, ಮದ್ರಿಮ್. ತುಣುಕುಗಳನ್ನೆಲ್ಲ ನನಗೆ ಕಳಿಸು. ಬೇರೇನೂ ಕೇಳುವುದಿಲ್ಲ.

ಪೋಷ್ಶಾ ಖಲ್ಫಾಳ ಮಗಳು
ಇಂಜಿ


ಗುರ್ಲನ್
ಏಪ್ರಿಲ್ 22

ಇಂಜಿಗುಲ್,

ಉತ್ತರ ತಡವಾಯಿತು. ಏಪ್ರಿಲ್ ಅಂದರೆ ಮದುವೆಗಳು, ನಿನಗೆ ಹೇಳಬೇಕಾ.

ಹೌದು, ಅವ್ವನನ್ನೂ ತೆಗೆಯಬೇಕಾಗುತ್ತಿದೆ. ನೀವಿಬ್ಬರೂ ಅಷ್ಟು ಹತ್ತಿರ ಕೂರುತ್ತಿದ್ದಿರಿ, ನಡುವೆ ಗೆರೆ ಎಳೆಯಲು ಜಾಗವೇ ಇಲ್ಲ. ಆದರೆ ಏನನ್ನೂ ಎಸೆದಿಲ್ಲ. ಎಲ್ಲ ತುಣುಕುಗಳನ್ನೂ ಒಂದೇ ಕಡೆ ಸೇರಿಸಿಟ್ಟಿದ್ದೇನೆ. ಹೇಗಿವೆಯೋ ನೋಡೋಣ ಅಂತ ಒಂದು ಮಧ್ಯಾಹ್ನ ಎಲ್ಲವನ್ನೂ ಸಾಲಾಗಿ ಓಡಿಸಿದೆ. ನೀನು ಹಾಡುತ್ತೀಯ, ಅವ್ವ ಗಾರ್ಮೋನ್ ಎಳೆಯುತ್ತಾಳೆ, ಸುತ್ತ ಕಪ್ಪು. ಮದುಮಗಳಿಲ್ಲ, ನೆಂಟರಿಲ್ಲ, ತಟ್ಟೆಗಳಿಲ್ಲ. ಹನ್ನೆರಡು ವರ್ಷದ ಮದುವೆಗಳು, ಒಬ್ಬರೂ ಇಲ್ಲದ ಮನೆಯಲ್ಲಿ. ಅರ್ಧಕ್ಕೇ ನಿಲ್ಲಿಸಿದೆ. ಅಂಗಡಿಯಲ್ಲಿ ಒಬ್ಬನೇ ಇದ್ದೆ, ಯಾಕೋ ಎದ್ದು ಬಾಗಿಲು ತೆರೆದಿಟ್ಟೆ.

ಇನ್ನೊಂದು ಹೇಳುತ್ತೇನೆ, ನಗಬೇಡ. ಮದುವೆಯ ಮರುದಿನ ಬೆಳಿಗ್ಗೆ ಮದುಮಗಳು ಮುಸುಕು ಹಾಕಿಕೊಂಡು ಸಲಾಂ ಮಾಡುತ್ತಾಳಲ್ಲ, ನೀನು ಒಬ್ಬೊಬ್ಬರ ಹೆಸರು ಹಾಡಿನಲ್ಲಿ ಕೂಗಿದ ಹಾಗೆ ಅವಳು ಒಂದೊಂದು ಸಲ ಬಗ್ಗುತ್ತಾಳಲ್ಲ, ಒತಾನಜರ್ ಮನೆಯ ಡಿಸ್ಕಿನಲ್ಲಿ ನಿನ್ನ ದನಿಯನ್ನೂ ತೆಗೆದೆ. ಈಗ ಅಲ್ಲಿ ಸದ್ದೇ ಇಲ್ಲ. ಮದುಮಗಳು ಮಾತ್ರ ಸುಮ್ಮಸುಮ್ಮನೆ ಬಗ್ಗುತ್ತಾಳೆ. ಹೋದ ವಾರ ಅಜ್ಜಿ ಮತ್ತೆ ಬಂದಳು, ಕೂರಲೂ ಇಲ್ಲ. ಆ ಡಿಸ್ಕು ಹಾಕಿದಾಗಲೆಲ್ಲ ಅವಳ ಸೊಸೆ ಸೋನಾ ಅಡಿಗೆಮನೆಯಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾಳಂತೆ. ಮದುವೆಯಾಗಿ ಐದು ವರ್ಷ, ಎರಡು ಮಕ್ಕಳ ತಾಯಿ. ಟೀವಿ ಮುಂದೆ ನಿಂತು ಹದಿನೇಳು ಸಲ ಬಗ್ಗಿ, ಮತ್ತೆ ಒಳಗೆ ಹೋಗಿ ಹಿಟ್ಟು ನಾದುತ್ತಾಳಂತೆ. ಕೇಳಿದರೆ ನಾನೆಲ್ಲಿ ಬಂದೆ ಅನ್ನುತ್ತಾಳಂತೆ. ನಾನು ಎಣಿಸಿ ನೋಡಿದೆ. ನೀನು ಕೂಗಿದ ಹೆಸರುಗಳೂ ಹದಿನೇಳೇ.

ಅಜ್ಜಿ ಕೇಳಿದ್ದು ಒಂದೇ. "ಮದ್ರಿಮ್, ದನಿ ತೆಗೆದೆ ಅಂದ್ಯಲ್ಲ. ತೆಗೆದು ಎಲ್ಲಿಟ್ಟೆ?"

ತುಣುಕುಗಳನ್ನು ಕಳಿಸುತ್ತೇನೆ. ಸ್ವಲ್ಪ ಸಮಯ ಕೊಡು.

ಮದ್ರಿಮ್


ಬೇಯ್ನೆವು
ಮೇ 15

ಮದ್ರಿಮ್,

ನಗಲಿಲ್ಲ. ನಿನ್ನ ಕಾಗದ ಬರುವ ಮೊದಲೇ ನನಗಿದು ಗೊತ್ತಿತ್ತು ಅಂದರೆ ನೀನೂ ನಗುವುದಿಲ್ಲ.

ಈ ಕ್ಯಾಂಟೀನು ನಡೆಸುವವಳು ಕಮ್‌ಶಾತ್ ಅಂತ, ಬಾಯಿ ಜೋರು, ಮನಸ್ಸು ಒಳ್ಳೆಯದು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಮಾತೇ ಆಡದ ಹೆಂಗಸು ಅಂದುಕೊಂಡಿದ್ದಾಳೆ. ಏಪ್ರಿಲ್‌ನಲ್ಲಿ ಒಂದು ಶುಕ್ರವಾರ ಊಟದ ಹೊತ್ತಿಗೆ, ರೈಲು ನಿಂತು ಜನ ತುಂಬಿದ್ದಾಗ, ಅವಳು ಬಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಯಾರೇ ಅದು ಒತಾನಜರ್? ಅರ್ಧ ಗಂಟೆಯಿಂದ ಕೂಗ್ತಾ ಇದ್ದೀಯಲ್ಲೇ" ಅಂದಳು. ನಾನು ತೊಟ್ಟಿಯ ನೀರಿನಲ್ಲಿ ಕೈಯಿಟ್ಟುಕೊಂಡು, ಕಣ್ಣು ತೆರೆದೇ, ಆ ಮನೆಯವರ ಹೆಸರುಗಳನ್ನು ಸಾಲಾಗಿ ಕೂಗುತ್ತಿದ್ದೆನಂತೆ. ತಾತ, ಅಜ್ಜಿ, ದೊಡ್ಡ ಸೋದರಮಾವ, ಕುಂಟು ಚಿಕ್ಕಪ್ಪ, ಎಲ್ಲ. ಹಾಡಿನಲ್ಲಲ್ಲ, ಬರೀ ಹೆಸರು. ಊಟ ಮಾಡುತ್ತಿದ್ದವರು ಚಮಚ ಕೆಳಗಿಟ್ಟು ನೋಡುತ್ತಿದ್ದರು. ಅದಾದ ಮೇಲೆ ಇನ್ನೂ ನಾಲ್ಕು ಸಲ ಆಗಿದೆ. ಒಮ್ಮೊಮ್ಮೆ ಬೇರೆ ಮನೆಯ ಹೆಸರುಗಳು ಬರುತ್ತವೆ. ಹಾಗೆ ಬಂದಾಗ, ಈ ಮನೆಯವರೂ ಡಿಸ್ಕು ತಂದುಕೊಟ್ಟರು ಅಂತ ತಿಳಿಯುತ್ತದೆ. ನಿನ್ನ ಅಂಗಡಿಯ ಲೆಕ್ಕ ನಾನಿಲ್ಲಿ ಹೇಳಬಲ್ಲೆ. ಹೋದ ಮಂಗಳವಾರ ಸಪರ್‌ಬಾಯ್ ಮನೆಯವರು ಬಂದಿದ್ದರು, ಅಲ್ಲವಾ?

ನನಗೆ ಹೆದರಿಕೆ ಆಗುತ್ತದೆ, ಮದ್ರಿಮ್. ಮುಚ್ಚಿಡುವುದೇನು.

ಪಾತ್ರೆ ತೊಳೆಯುವಾಗ ತಲೆಗೆ ಕೆಲಸವಿಲ್ಲ, ಹಳೆಯದೆಲ್ಲ ನೆನಪಾಗುತ್ತದೆ. ಮೊನ್ನೆ ರುಜ್ಮತ್ ಚಿಕ್ಕಪ್ಪನ ಕತೆ ನೆನಪಾಯಿತು. ತಂಗಿಯ ಮದುವೆಯಲ್ಲಿ ಕುಡಿದು ಮೇಜಿನ ಮೇಲೆ ಮಲಗಿದ್ದನಲ್ಲ, ಅವನ ಮುಖಕ್ಕೆ ಮಂಜು ಹಾಕು ಅಂತ ಮನೆಯವರು ನಿನ್ನ ಕಾಲು ಹಿಡಿದಿದ್ದರು. ನೀನು ಹಾಕಿಕೊಟ್ಟೆ. ಇಡೀ ಊರು ನೋಡಿ ಬಿದ್ದುಬಿದ್ದು ನಕ್ಕಿತು. ಮುಖಕ್ಕೆ ಮಂಜು, ಕಿವಿ ಹೊರಗೆ. ರುಜ್ಮತ್‌ನ ಕಿವಿ ಯಾರಿಗೆ ಗೊತ್ತಿಲ್ಲ? ಕಿವಿ ಮುಖಕ್ಕೆ ಸೇರುವುದಿಲ್ಲ ಅಂತ ನೀನು ಅವ್ವನ ಜೊತೆ ವಾದ ಮಾಡಿದ್ದೆ. ಅದಾದ ಮೇಲೂ ಯಾರಿಗೆ ಮಂಜು ಹಾಕಿದರೂ ನೀನು ಕಿವಿ ಬಿಡುತ್ತಿದ್ದೆ. ಅದು ನಿನ್ನ ಹಟ.

ಆ ಹದಿನೈದು ಸೆಕೆಂಡನ್ನು ನಾನೂ ನೋಡಿದ್ದೇನೆ. ಅಲ್ಲೂ ಕಿವಿ ಹೊರಗಿದೆ.

ಸುಮ್ಮನೆ ನೆನಪಾಯಿತು, ಬರೆದೆ. ಅವ್ವನ ತುಣುಕುಗಳನ್ನು ಕಳಿಸು. ಕಲ್ಲಿನವನು ಮುಖ ಬಿಡಿಸಲು ಎರಡು ತಿಂಗಳು ಬೇಕು ಅಂದಿದ್ದಾನೆ.

ಇಂಜಿ


ಗುರ್ಲನ್
ಜುಲೈ 30

ಇಂಜಿಗುಲ್,

ಈ ವರ್ಷದ ಬಿಸಿಲು ಹೇಳತೀರದು. ಭತ್ತದ ಗದ್ದೆಗಳ ನೀರು ಬಿಸಿಯಾಗಿ ಮೀನು ತೇಲುತ್ತಿವೆ. ಕಲ್ಲಂಗಡಿ ಮಾತ್ರ ಚೆನ್ನಾಗಿದೆ, ಬಿಬಿಸಾರಾ ಅಕ್ಕನ ಕೈಯಲ್ಲಿ ಒಂದು ಕಳಿಸಿದ್ದೇನೆ, ಒಡೆಯದೆ ತಲುಪಲಿ.

ಜೂನ್‌ನಲ್ಲಿ ಬರೆಯಬೇಕು ಅಂದುಕೊಂಡಿದ್ದೆ. ಕಂಪ್ಯೂಟರ್ ಕೆಟ್ಟಿತ್ತು. ಸಪರ್‌ಬಾಯ್ ಮನೆಯವರು ಬಂದಿದ್ದು ನಿಜ, ಮಂಗಳವಾರವೇ. ನಾನು ಈಗ ಡಿಸ್ಕುಗಳನ್ನು ತೆಗೆದುಕೊಳ್ಳುತ್ತಿಲ್ಲ. ಕನ್ನಡಿಗಳಿಂದ ನೀನು ಹೋಗುವುದಿಲ್ಲ. ಜೋರಾಗಿ ಅಳಿಸಿದರೆ ವಧೂವರರ ಮುಖವೇ ಕದಡಿಹೋಗುತ್ತದೆ, ನೀನು ಹಾಗೇ ಇರುತ್ತೀಯ. ಕೆಲವು ಡಿಸ್ಕುಗಳಲ್ಲಿ ನೀನು ನಗುತ್ತಿದ್ದೆ, ಈಗ ನಗುತ್ತಿಲ್ಲ. ನನ್ನ ಕಣ್ಣಿಗೇ ಹಾಗೆ ಕಾಣುತ್ತದೋ ಏನೋ, ಡಾಕ್ಟರಿಗೆ ತೋರಿಸಬೇಕು.

ಒಂದು ಸುದ್ದಿ ನಾನೇ ಹೇಳಿಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ಬಹ್ರೊಮ್ ಸಾತ್ಲಿಕ್‌ನ ಮಗಳು ಮೊಹಿರಾಳ ಮದುವೆ. ಉರ್ಗೆಂಚ್‌ನ ಹೊಸ ಮದುವೆ ಹಾಲ್‌ನಲ್ಲಿ, ಗೋಡೆಯಷ್ಟು ದೊಡ್ಡ ಪರದೆ ಇದೆಯಲ್ಲ, ಅಲ್ಲಿ. ಅವರ ಕಡೆಯವರು ಬಂದು ಚಿತ್ರ ನೀನೇ ತೆಗೆಯಬೇಕು ಅಂದರು. ನನ್ನ ಕೆಲಸದ ಮೇಲೆ ಅವನಿಗೆ ಬಹಳ ನಂಬಿಕೆಯಂತೆ. ಒಪ್ಪದೆ ಇರಲು ಆಗಲಿಲ್ಲ. ಹಾಡಲು ನಿಮ್ಮಂಥ ಖಲ್ಫಾ ಹೆಂಗಸರು ಇಲ್ಲ, ರಾಜಧಾನಿಯಿಂದ ಯಾರೋ ಗಂಡಸು ಬರುತ್ತಾನೆ.

ನಿನ್ನ ಕಾಗದದಲ್ಲಿ ಒಂದೆರಡು ಸಾಲು ಓದಲಾಗಲಿಲ್ಲ. ಶಾಯಿ ಕದಡಿತ್ತು. ರೈಲಿನಲ್ಲಿ ನೀರು ಬಿದ್ದಿರಬೇಕು.

ಮದ್ರಿಮ್


ಬೇಯ್ನೆವು
ಆಗಸ್ಟ್ 8

ಮದ್ರಿಮ್,

ಬಿಬಿಸಾರಾ ಅಕ್ಕ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗಿಟ್ಟುಕೊಂಡು ತರುತ್ತಾಳೆ. ನೀರು ಬಿದ್ದಿಲ್ಲ.

ಕಲ್ಲಂಗಡಿ ಕಮ್‌ಶಾತ್‌ಗೆ ಕೊಟ್ಟೆ. ನೀನು ನಿಜ ಹೇಳುವವರೆಗೆ ನಿನ್ನ ಕೈಯಿಂದ ನನಗೆ ಏನೂ ಬೇಡ, ಅವ್ವನೂ ಬೇಡ. ಕಲ್ಲು ಮುಖವಿಲ್ಲದೆ ನಿಲ್ಲಲಿ.

ಇಂಜಿ


ಗುರ್ಲನ್
ಸೆಪ್ಟೆಂಬರ್ 17

ಇಂಜಿಗುಲ್,

ನಾನೇ ಮಾಡಿದ್ದು.

ಇದನ್ನು ಬರೆಯಲು ಮೂರು ಹಾಳೆ ಹರಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ಹೋದ ವರ್ಷ ಆ ಮದುವೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಸಾಮಾನು ಕಟ್ಟುವಾಗ ನಾನು ಕ್ಯಾಮೆರಾ ನಿಲ್ಲಿಸಲು ಮರೆತಿದ್ದೆ. ಅದು ಮೇಜಿನ ಮೇಲೆ ಕೂತು ಎಲ್ಲ ನೋಡುತ್ತಿತ್ತು. ವಾರದ ನಂತರ ಯಾರದೋ ಫೋನಿನ ಕತ್ತಲೆ ತುಣುಕೊಂದು ಕೈಯಿಂದ ಕೈಗೆ ಓಡಾಡತೊಡಗಿತು. ಅದರಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ, ಆದರೆ ಗಂಡಸು ಬಹ್ರೊಮ್ ಅಂತ ಒಬ್ಬಿಬ್ಬರು ಗುಸುಗುಸು ಅನ್ನುತ್ತಿದ್ದರು. ಅವನ ಕಡೆಯವರು ಇಬ್ಬರು ನನ್ನ ಅಂಗಡಿಗೆ ಬಂದರು. ಚೆನ್ನಾಗಿರುವ ತುಣುಕು ನಿನ್ನ ಹತ್ತಿರ ಇದೆಯಂತೆ, ಅವನ ಮುಖಕ್ಕೆ ಮಂಜು ಹಾಕಿ ಕೊಡು, ಜನ ಆ ಹೆಂಗಸಿನ ಮಾತಾಡಿಕೊಳ್ಳಲಿ ಅಂದರು. ಚಿತ್ರ ತೆಗೆಯುವವನಿಗೂ ಪರವಾನಗಿ ಬೇಕು ಅನ್ನುವುದನ್ನು ನೆನಪಿಸಿದರು. ಹಾಗಾದರೆ ಇಬ್ಬರಿಗೂ ಮಂಜು ಹಾಕುತ್ತೇನೆ ಅಂದೆ. ಅಷ್ಟು ಕೇಳಿದೆ, ಇಂಜಿ, ಅಷ್ಟಾದರೂ ಕೇಳಿದೆ. ಅವರಲ್ಲೊಬ್ಬ ನಕ್ಕು "ಇಬ್ಬರಿಗೂ ಹಾಕಿದ್ರೆ ಸುದ್ದಿ ಎಲ್ಲಿರುತ್ತೆ ಮಾರಾಯ?" ಅಂದ.

ನನ್ನ ಹತ್ತಿರ ಇದ್ದದ್ದು ಒಂದು ನಿಮಿಷ ನಲವತ್ತು ಸೆಕೆಂಡು. ಅದರಲ್ಲಿ ನೀನು ನಗುವ ಹದಿನೈದನ್ನು ಆರಿಸಿದವನೂ ನಾನೇ. ಅದು ಎಂಥ ನಗು ಅಂತ ನನಗೆ ಗೊತ್ತಿತ್ತು. ಮದುವೆಮನೆಗಳಲ್ಲಿ ದೊಡ್ಡವರು ಕೈ ಹಾಕಿದಾಗ ಹಾಡುವ ಹೆಂಗಸರೆಲ್ಲ ನಗುವ ನಗು. ಹನ್ನೆರಡು ವರ್ಷದಿಂದ ನೋಡಿದ್ದೆ.

ಈಗ ಮೊನ್ನೆಯ ಮದುವೆಯದನ್ನು ಬರೆಯುತ್ತೇನೆ. ನಂಬಿದರೆ ನಂಬು.

ಸಂಜೆ ಏಳಕ್ಕೆ ಕನ್ನಡಿ ತಂದರು. ಮೊಹಿರಾ ಮತ್ತು ಮದುಮಗ ಕೂತರು. ತಲೆ ಮೇಲೆ ಬಟ್ಟೆ ಹಿಡಿಯಲು ಬಹ್ರೊಮ್ ಸಾತ್ಲಿಕ್ ತಾನೇ ಬಂದು ಮಗಳ ಹಿಂದೆ ನಿಂತ. ನಾನು ಕನ್ನಡಿಗೆ ಹತ್ತಿರ ಹೋದೆ. ನನ್ನ ಕ್ಯಾಮೆರಾ ನೋಡುವುದೆಲ್ಲ ಆಗಿಂದಾಗಲೇ ಹಾಲ್‌ನ ದೊಡ್ಡ ಪರದೆಯ ಮೇಲೆ ಬರುತ್ತಿತ್ತು. ಅದಕ್ಕೆ ಮಂಜು ಹಾಕುವ ಗುಂಡಿ ಇಲ್ಲ, ಅವ್ವನ ಗೋರಿ ಮಣ್ಣಿನಾಣೆಗೂ ಇಲ್ಲ. ಮೊದಲು ಮದುಮಗಳ ಮುಖ ಸ್ಪಷ್ಟವಾಗಿತ್ತು, ಮದುಮಗನದೂ ಸ್ಪಷ್ಟವಾಗಿತ್ತು. ಅವರ ಹಿಂದೆ ನಿಂತವನಿಗೆ ಮುಖ ಇರಲಿಲ್ಲ. ಮಂಜು. ಗಾಜು ಒರೆಸಿದೆ, ಲೆನ್ಸ್ ತಿರುಗಿಸಿದೆ. ಅವನು ತಲೆ ಆಡಿಸಿದ ಹಾಗೆ ಮಂಜೂ ಆಡಿತು. ಮಂಜಿನ ಹೊರಗೆ ಕಿವಿ.

ಆ ಕಿವಿಯನ್ನು ಈ ದೇಶದಲ್ಲಿ ನೋಡದವರು ಯಾರಿದ್ದಾರೆ? ಎಲ್ಲರ ಫೋನಿನಲ್ಲೂ ಒಂದು ವರ್ಷದಿಂದ ಆ ತುಣುಕಿದೆ. ನಾನೂರು ಜನ ಪರದೆ ನೋಡುತ್ತಿದ್ದರು. ಹಾಡುಗಾರ ಸುಮ್ಮನಾದ. ಬಹ್ರೊಮ್ ಒಬ್ಬನೇ ಪರದೆಗೆ ಬೆನ್ನು ಮಾಡಿ ನಗುತ್ತಾ ನಿಂತಿದ್ದ. ಏನೂ ಅರಿಯದ ಅವನ ಅಕ್ಕ, ಕೇಳಬೇಕಾದ್ದನ್ನು ಕೇಳಿದಳು. "ಮಗಳೇ, ಕನ್ನಡಿಯಲ್ಲಿ ಏನು ಕಾಣಿಸ್ತಿದೆ?"

ಮೊಹಿರಾ ಪರದೆಯನ್ನು ನೋಡುತ್ತಿರಲಿಲ್ಲ, ಕನ್ನಡಿಯನ್ನೇ ನೋಡುತ್ತಿದ್ದಳು. ಭಾಗ್ಯ ಅನ್ನಬೇಕಿತ್ತು. "ಒಬ್ಬಳು ಅಕ್ಕ ಕಾಣಿಸ್ತಿದ್ದಾಳೆ" ಅಂದಳು. ಆಮೇಲೆ "ಅವಳ ಹೆಗಲ ಮೇಲೆ ನಮ್ಮಪ್ಪನ ಕೈಯಿದೆ" ಅಂದಳು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

ಅವನು ಬಟ್ಟೆ ಬಿಟ್ಟು ಹಿಂದೆ ಸರಿದ. ಬಟ್ಟೆ ಇಬ್ಬರ ತಲೆಯ ಮೇಲೆ ಬಿತ್ತು. ಮದುಮಗಳು ಬಟ್ಟೆಯ ಒಳಗಿನಿಂದಲೇ ಎದ್ದು ನಿಂತು ಕನ್ನಡಿಗೆ ಒಂದು ಸಲ ಬಗ್ಗಿ ಸಲಾಂ ಮಾಡಿದಳು.

ಆಮೇಲೆ ಏನಾಯಿತು ಅಂತ ಕೇಳುತ್ತೀಯ. ಏನೂ ಆಗಲಿಲ್ಲ. ಹಾಡು ಶುರುವಾಯಿತು, ಊಟ ಬಡಿಸಿದರು. ಮರುದಿನ ಚಾನೆಲ್ಲಿನಲ್ಲಿ ಅದ್ಧೂರಿ ಮದುವೆ ಅಂತ ತೋರಿಸಿದರು, ಅದರಲ್ಲಿ ಅವನ ಮುಖ ಚೆನ್ನಾಗೇ ಇತ್ತು. ಮದುಮಗಳಿಗೆ ಉಪವಾಸದಿಂದ ತಲೆ ತಿರುಗಿತ್ತಂತೆ. ನನ್ನ ಕ್ಯಾಮೆರಾ ಹಳೆಯದಂತೆ. ಪರವಾನಗಿ ಹೋಯಿತು. ಗುರುವಾರ ಒತಾನಜರ್ ಮನೆಯಲ್ಲಿ ಎಂದಿನ ಹಾಗೆ ಅವನ ಕಾರ್ಯಕ್ರಮ ಓಡುತ್ತಿತ್ತು, ಕಿಟಕಿಯಿಂದ ಕೇಳಿಸಿತು. ಒಬ್ಬರೂ ಬಂದು ಅವನನ್ನು ಡಿಸ್ಕಿನಿಂದ ತೆಗೆದುಬಿಡು ಅನ್ನಲಿಲ್ಲ.

ಈ ಕಾಗದದ ಜೊತೆ ಇರುವ ಪೆನ್‌ಡ್ರೈವಿನಲ್ಲಿ ಎಲ್ಲ ಇದೆ. ಅವ್ವನ ತುಣುಕುಗಳು, ಕತ್ತರಿಸುವ ಮೊದಲಿನ ಮದುವೆಗಳು, ಆ ಒಂದು ನಿಮಿಷ ನಲವತ್ತು ಸೆಕೆಂಡು. ಏನು ಬೇಕೋ ಮಾಡು. ನನ್ನನ್ನು ಕ್ಷಮಿಸು ಅಂತ ಬರೆಯಲು ಹೋಗಿ ನಿಲ್ಲಿಸಿದೆ. ನಿನಗೆ ಓದಲು ಕೊಟ್ಟ ಚೀಟಿಯಲ್ಲೂ ಅದೇ ಮಾತು ಇತ್ತಲ್ಲ.

ಮದ್ರಿಮ್


ಬೇಯ್ನೆವು
ಅಕ್ಟೋಬರ್ 6

ಮದ್ರಿಮ್,

ಕಮ್‌ಶಾತ್‌ಳ ಕಂಪ್ಯೂಟರಿನಲ್ಲಿ ನೋಡಿದೆ. ಅವಳೂ ಪಕ್ಕದಲ್ಲಿ ಕೂತಿದ್ದಳು. ನಾನು ಯಾರೆಂದು ಈಗ ಅವಳಿಗೆ ಗೊತ್ತು. ನನ್ನ ಒದ್ದೆ ಕೈಗಳನ್ನು ತನ್ನ ಏಪ್ರನ್ನಿನಲ್ಲಿ ಒರೆಸಿದಳು.

ಅವ್ವ ಸಿಕ್ಕಿದಳು. ಸಪರ್‌ಬಾಯ್ ಮನೆಯ ಮದುವೆಯಲ್ಲಿ ಒಂದು ಕಡೆ ಗಾರ್ಮೋನ್ ನಿಲ್ಲಿಸಿ ನನ್ನ ಕಡೆ ತಿರುಗಿ ಏನೋ ಗದರುತ್ತಾಳೆ, ಸುರುತಿ ಏರಿಸಬೇಡ ಕಣೇ ಅಂತಿರಬೇಕು. ಆ ಮುಖವನ್ನೇ ಕಲ್ಲಿನವನಿಗೆ ಕೊಟ್ಟಿದ್ದೇನೆ, ವರ್ಷದ ದಿನಕ್ಕೆ ಆಗದಿದ್ದರೂ ಸರಿ. ಗೋರಿಯಲ್ಲೂ ಗದರಿಕೊಂಡೇ ಇರಲಿ. ಹೆಸರುಗಳನ್ನು ಕೂಗುವುದು ನಿಂತಿದೆ. ನೀನು ಪೆನ್‌ಡ್ರೈವು ರೈಲಿಗೆ ಕೊಟ್ಟ ದಿನವೇ ನಿಂತಿತು ಅಂತ ಲೆಕ್ಕ ಹಾಕಿದೆ. ಸೋನಾಳನ್ನು ಕೇಳು, ಅವಳೂ ಬಗ್ಗುವುದು ಬಿಟ್ಟಿರುತ್ತಾಳೆ.

ಒಂದು ನಿಮಿಷ ನಲವತ್ತು ಸೆಕೆಂಡನ್ನೂ ನೋಡಿದೆ. ನಾನು ಎರಡು ಸಲ ಬೇಡ ಅಂದಿದ್ದೇನೆ, ಒಂದು ಸಲ ಜೋರಾಗಿಯೇ. ನೀನು ಅದೇ ಕೋಣೆಯಲ್ಲಿ ತಂತಿ ಸುತ್ತುತ್ತಿದ್ದೆ. ಅದನ್ನು ಏನು ಮಾಡಬೇಕು ಅಂತ ನಾನು ನಿರ್ಧರಿಸುತ್ತೇನೆ. ಮೊದಲು ಮೊಹಿರಾಗೆ ಒಂದು ಕಾಗದ ಬರೆಯಬೇಕು. ನನಗೆ ಸಲಾಂ ಮಾಡಿದ ಮದುಮಗಳು ಅವಳೊಬ್ಬಳೇ.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂತ ಕೂತೆ. ಸಿಟ್ಟು ಮಾಡಲು ಮುಖ ಬೇಕಲ್ಲ, ನಿನ್ನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ಹನ್ನೆರಡು ವರ್ಷ ನೀನು ಕ್ಯಾಮೆರಾದ ಹಿಂದೆಯೇ ಇದ್ದವನು, ಅದಕ್ಕೇ ಇರಬೇಕು ಅಂದುಕೊಂಡೆ. ಕನ್ನಡಿಗಳಲ್ಲಿ ಎಲ್ಲಾದರೂ ಸಿಕ್ಕೀಯೆ ಅಂತ ಹುಡುಕಿದೆ. ಕನ್ನಡಿಗೆ ಎದುರಾಗಿ ನಿಂತು ಚಿತ್ರ ತೆಗೆಯುವವನು ನೀನಲ್ಲವೇ. ಒಂದೊಂದಾಗಿ ಎಲ್ಲ ಮದುವೆಗಳ ಕನ್ನಡಿಯನ್ನೂ ನಿಲ್ಲಿಸಿ ನೋಡಿದೆ. ವಧೂವರರಿದ್ದಾರೆ, ಹಿಂದೆ ನಾನಿದ್ದೇನೆ, ಪಕ್ಕದಲ್ಲಿ ಅವ್ವ ಇದ್ದಾಳೆ. ನಮ್ಮೆದುರು ಕ್ಯಾಮೆರಾ ಇದೆ, ಅದನ್ನು ಹಿಡಿದ ನಿನ್ನ ಎರಡು ಕೈಗಳಿವೆ.

ಕೈಗಳ ಮೇಲೆ, ಮುಖ ಇರಬೇಕಾದಲ್ಲಿ, ಎಲ್ಲ ಕನ್ನಡಿಗಳಲ್ಲೂ ಮಂಜು. ಕಿವಿ ಹೊರಗಿದೆ, ಮದ್ರಿಮ್. ಎಲ್ಲ ಕೇಳಿಸಿಕೊಂಡ ಕಿವಿ.

ಇಂಜಿಗುಲ್
ಪೋಷ್ಶಾ ಖಲ್ಫಾಳ ಮಗಳು